ಬರೋಬರಿ

ನನ್ನ ಹೆಸರಿನ ಮೊದಲ ಅಕ್ಷರನೇ ನನಗ ವೈರಿ.
"ಕ" ಅಂದ್ರ ಸಾಕು, ಗಂಟಲಾಗ ರೈಲ್ವೆ ಗೇಟು ಬೀಳ್ತದ.
ಆ ಕಡೆ ಕಸ್ತೂರಬಾಯಿ ನಿಂತಿರ್ತಾಳ,
ಈ ಕಡೆ ನಾನು.
ನಡುವ ಒಂದು ಗೂಡ್ಸ್ ಗಾಡಿ, ಐವತ್ತೆಂಟು ಡಬ್ಬಿ, ಸಾವಕಾಶ ಹೊಂಟಿರ್ತದ.
ಊರೂ ಕಲಬುರಗಿ.
ಊರಿಗಾದ್ರ ಹಳೀ ಹೆಸರದ, ಬಸ್ಸಿನಾಗ ಗುಲ್ಬರ್ಗಾ ಅಂದು ಪಾರಾಗ್ತೀನಿ.
ನನಗ ಹಳೀ ಹೆಸರಿಲ್ಲ.

ಗಂಜಿನ ದಾಲ್ ಮಿಲ್ಲಿನಾಗ ಲಾರಿ ತೂಗೂ ಕಾಟಾ ನಂದು.
ಕೆಂಪು ಅಂಕಿ ಓಡ್ತಾವ, ನಿಲ್ತಾವ,
ಚೀಟಿ ಬರದು ಕಿಟಕ್ಯಾಗಿಂದ ಚಾಚ್ತೀನಿ.
ಬಾಯಿ ಬೇಕಿಲ್ಲದ ಕೆಲಸ ಅಂತನೇ ಹಿಡದದ್ದು.
ಸಂಜಿಗಿ ಹುಬ್ಬಿನ ಮ್ಯಾಲೂ ತೊಗರಿ ಧೂಳು.

ಅಂಬಾರಾಯ ಮಿಲ್ಲಿನ ಫಿಟ್ಟರ್.
ನಾ "ಕ" ಅಂದ್ರ ಅವ "ಕೀಲಿ" ಅಂತಾನ, "ಕಾಗದ" ಅಂತಾನ,
"ಕಡಿಗಿ ಹಚ್ರೀ ಗಾಡಿ ಅನ್ಲಾಕತ್ತಾಳ" ಅಂತ ಡ್ರೈವರಗೋಳಿಗಿ ಒದರ್ತಾನ.
ಹತ್ತಕ್ಕ ಒಂಬತ್ತು ಸಲ ಅವಂದು ಖರೇ ಇರ್ತದ.
ಹತ್ತನೇದ್ದು ನಾ ನುಂಗ್ತೀನಿ.
ಹೋಟೆಲಿನಾಗ ಸುಸಲಾ ಅವನೇ ಹೇಳ್ತಾನ,
"ಮಿರ್ಚಿ ಬ್ಯಾಡ, ಆಕಿಗಿ ಹೊಟ್ಟಿ ಉರೀತದ."
ಮಿರ್ಚಿ ಅಂದ್ರ ನನಗ ಜೀವ.
ಮಿರ್ಚಿಯೊಳಗ "ಕ" ಇಲ್ಲ, ಸಲೀಸ ಹೇಳಬಹುದಿತ್ತು.
ಹೇಳಲಿಲ್ಲ.

ಭೀಮಶಾ ಅಡತಿ ಅಂಗಡಿ ಗುಮಾಸ್ತ.
ನಾ "ಕ" ಅಂದ್ರ ಅವ ಸೈಕಲ್ಲಿಗಿ ಸ್ಟ್ಯಾಂಡ್ ಹಾಕಿ ನಿಂದರ್ತಾನ.
ಗಾಡಿ ಪೂರಾ ಹೋಗೂತನ,
ಹಿಂದಿನ ಕೆಂಪು ದೀಪ ಸಣ್ಣಾಗೂತನ.
ಕಣ್ಣು ಹೊರಳಸೂದಿಲ್ಲ, ನಗೂದಿಲ್ಲ.
ಮೊದಲನೇ ದಿನ ನನ್ನ ಹೆಸರು ಪೂರಾ ಕೇಳಿಸಿಕೊಂಡು ಅಂದ,
"ಹದಿನೆಂಟು ಕಿಲೋ ತಪ್ಪು ತೋರಸ್ಲಾಕತ್ತದ ನಿನ್ನ ಕಾಟಾ. ಕಣ್ಣಿಲ್ಲೇನು?"
ಅಲ್ಲೀತನ ಯಾರೂ ನನ್ನ ಜೋಡಿ ಜಗಳ ತಗದಿದ್ದಿಲ್ಲ.
ಉಗ್ಗಿನ ಹುಡುಗಿ, ಪಾಪ, ಅಂತ ಸೋತು ಹೋಗ್ತಿದ್ರು.
ಅರ್ಧಾ ತಾಸು ಬಡದಾಡಿದ್ವಿ.
ಕಾಟಾ ಬರೋಬರಿ ಇತ್ತು, ಅವನ ಚೀಲಾನೇ ತೊಯ್ದಿದ್ವು.
ಅವತ್ತು ಮನೀತನ ನನ್ನ ನಾಲಿಗಿ ಬೆಚ್ಚಗಿತ್ತು.

ಇಲ್ಲಿಗೇ ಮುಗೀತಿತ್ತು ಈ ಮಾತು,
ನನಗ ಕಾಮಣಿ ಆಗದಿದ್ರ.
ನೋಡ್ರಿ, ರೋಗಕ್ಕೂ ಅದೇ ಅಕ್ಷರ.
ಇಪ್ಪತ್ತೊಂದು ದಿನ ಅಂಬಾರಾಯ ಬಂದ.
ಆಳಂದದ ಗಿಡಮೂಲಿಕಿ, ಕಬ್ಬಿನ ಹಾಲು, ಮಜ್ಜಿಗಿ ನುಚ್ಚು.
ಅವ್ವನ ಕೈಯಾಗಿನ ಕೊಡಾ ಇಸಗೊಂಡು ನೀರು ತಂದ.
ಭೀಮಶಾ ಬರಲಿಲ್ಲ.
ಎದ್ದ ಮ್ಯಾಲ ಕೇಳಿದ್ರ, "ನೀ ಕರೀಲಿಲ್ಲ" ಅಂದ.
"ಕರೀಲಾರದ ಬಂದಿದ್ರ ನಾನೂ ಪಾಪ ಅಂದಾಂಗ ಆಗ್ತಿತ್ತು."

ಕರಿ ಅನ್ನೂದಕ್ಕೂ "ಕ" ಬೇಕಲ್ಲೋ ಭೀಮಶಾ.
ಸುಡೂ ಹಾಸಿಗ್ಯಾಗ ಮಲಗಿದಾಕಿ
ಎಷ್ಟು ಡಬ್ಬಿ ಎಣಿಸಬೇಕಿತ್ತು?

ಮುಂದಿನ ಸೋಮವಾರ ಅಂಬಾರಾಯ ಅವ್ವನ ಮುಂದ ಕುಂತು
"ಕಸ್ತೂರಿ ಹೂಂ ಅಂತಾಳ" ಅಂದ.
ಒಂಬತ್ತನೇದ್ದೋ ಹತ್ತನೇದ್ದೋ, ನನಗೂ ತಿಳೀಲಿಲ್ಲ.
ಅವ್ವ ಸಕ್ಕರಿ ತರಲಾಕ ಎದ್ದಳು.

ಅದೇ ವಾರ ಭೀಮಶಾನ ಅಪ್ಪ ತೀರಿಕೊಂಡ.
ಕರೀಲಾರದ ಹೋದೆ.
ಗ್ವಾಡಿಗಿ ಆನಿ ಕುಂತಿದ್ದ, ನನ್ನ ನೋಡಿ "ನಮ್ಮಪ್ಪ" ಅಂದ,
ಮುಂದಿಂದು ಬರಲಿಲ್ಲ.
ಸೈಕಲ್ ಸ್ಟ್ಯಾಂಡ್ ಹಾಕಿದವನ ಹಾಂಗ ನಿಂತೆ,
ಅವನಿಂದನೇ ಕಲ್ತದ್ದು.
ಒಂದು ಡಬ್ಬಿ, ಎರಡು ಡಬ್ಬಿ, ಏಳು.
ಅವನ ಗದ್ದ ನಡಗೂದು ನೋಡಲಾಗಲಿಲ್ಲ ನನಗ.
"ಹೋದ" ಅಂದೆ, ಅವನ ಬದಲಿ ನಾನೇ.
ಸಿಟ್ಟಿಗೇಳ್ತಾನ ಅಂದುಕೊಂಡೆ.
ನನ್ನ ಸೆರಗು ಹಿಡದು ಅಳಲಾಕತ್ತ.

ಇವತ್ತು ಮುಂಜಾನೆ ಮಿಲ್ಲಿಗಿ ಬಂದೀನಿ.
ಅಂಬಾರಾಯ ಎಲಿವೇಟರಿನ ಬೆಲ್ಟು ಬಿಗಿಸ್ಲಾಕತ್ತಿದ್ದ.
ಎದುರಿಗಿ ಹೋಗಿ "ಕ" ಅಂದೆ.
"ಕುರ್ಚಿ?" ಅಂದ. "ಕಾಲು ನೋಯ್ತಾವೇನು?"
ತಡಿ ಅಂತ ಕೈ ಎತ್ತಿದೆ.
ಮತ್ತ ಬಾಯಿ ತಗದ. ಕೈ ಇಳಿಸಲಿಲ್ಲ.
ಪಾನಾ ಹಿಡದು ನಿಂತಾನ,
ಗ್ರೀಸು ಒಂದೊಂದೇ ಹನಿ ಬ್ಯಾಳಿ ಮ್ಯಾಲ ಬೀಳ್ತದ,
ಅವನ ತುಟಿ ನಡಗತಾವ, ತುಂಬಿ ಕೊಡಲಾಕ ಅವನತ್ರ ಶಬ್ದ ಇಲ್ಲ.
ಗಾಡಿ ಇನ್ನಾ ಹೊಂಟದ.