ಅಡ್ಡಗೆರೆ

ಮುನಿರಾಬಾದಿನಲ್ಲಿ ಬೆಳಗಾದರೆ
ಎದುರು ಸಿಕ್ಕವರು ಕೇಳುವುದು ಒಂದೇ:
ಡ್ಯಾಮು ಎಷ್ಟಾತು?
ಈ ಸಲ ಜೂನಿನಲ್ಲಿ ಅದರ ಬೆನ್ನಿಗೇ ಇನ್ನೊಂದು:
ಹುಲಿಗೆಮ್ಮಂದು ಏನಾತು?

ನನ್ನದು ಏನೂ ಆಗಿರಲಿಲ್ಲ.
ಗಣಿತ ಆನರ್ಸಿಗೆ ಇಪ್ಪತ್ತೇ ಸೀಟು,
ನಾನು ಇಪ್ಪತ್ತಮೂರನೆಯವಳು.
'ತಮ್ಮ ಅರ್ಜಿಯನ್ನು ಕೂಲಂಕಷವಾಗಿ' ಎಂದು ಶುರುವಾದ ಪತ್ರ
'ವಿಷಾದಿಸುತ್ತೇವೆ'ಗೆ ಬರುವಷ್ಟರಲ್ಲಿ
ಪರದೆಯ ಮೇಲೆ ಬೆರಳು ನಿಂತಿತ್ತು.
ಪ್ರಿಂಟ್ ತೆಗೀಲೇನವ್ವಾ, ಎಂದ ಸೈಬರಿನ ವಲಿಸಾಬ.
ಬೇಡ ಎಂದೆ.
ಅಗಸಿಯ ತನಕ ಹೋಗಿ, ತಿರುಗಿ ಬಂದು, ತೆಗೆಸಿದೆ.

ಅಪ್ಪ ಡ್ಯಾಮಿನಲ್ಲಿ ಗೇಜು ಓದುವವನು.
ಆರಕ್ಕೆ ಸರಿಯಾಗಿ ಮೆಟ್ಟಿಲಿಳಿದು
ಕಲ್ಲಿನ ಮೇಲೆ ಬಳಿದ ಅಡಿ, ಇಂಚು ನೋಡಿ
ರಿಜಿಸ್ಟರಿಗೆ ಹತ್ತಿಸುವುದು:
ಮಟ್ಟ. ಒಳಹರಿವು. ಹೊರಹರಿವು.
ಕಟಾಫ್ ಅಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.
'ಮೂರು ಮಂದಿ ಹೊರಗ ಹರದ್ರ ನೀ ಒಳಗ.
ಅಷ್ಟ ಹೌದಲ್ಲೋ?'
ಅಷ್ಟೇ.
ಅವತ್ತಿನಿಂದ ಹೆಸರೂ ಗೊತ್ತಿಲ್ಲದ ಮೂವರಿಗೆ
ಒಳ್ಳೆಯದಾಗಲೆಂದು ದೀಪ ಹಚ್ಚತೊಡಗಿದೆ:
ಮೆಡಿಕಲ್ ಸಿಗಲಿ, ಬೇಕಾದರೆ ಐಐಟಿ ಸಿಗಲಿ,
ಶುಕ್ರವಾರದೊಳಗೆ ಸಿಗಲಿ.

ಐನೂರಾ ಮೂವತ್ತು ಕಟ್ಟಿದ್ದಕ್ಕೆ
ಫಿಸಿಕ್ಸ್ ಉತ್ತರಪತ್ರಿಕೆಯ ಸ್ಕ್ಯಾನು ಬಂತು.
ನನ್ನದೇ ಅಕ್ಷರ, ಯಾರದೋ ಹುಡುಗಿಯದರ ಹಾಗೆ,
ಗಡಿಬಿಡಿಯಲ್ಲಿ ಬಲಕ್ಕೆ ವಾಲಿದ್ದು.
ಹದಿನೇಳನೇ ಪುಟ. ಮಸೂರ, ಕಿರಣ, ಬಾಣದ ಗುರುತು,
ಅಂಚಿನಲ್ಲಿ ಕೆಂಪು ನಾಲ್ಕು.
ಮೊದಲ ಪುಟದ ಚೌಕದಲ್ಲಿ
ಆ ನಾಲ್ಕು ಇಲ್ಲವೇ ಇಲ್ಲ.

ನಾನು ಕುಣಿಯಬೇಕಿತ್ತು.
ಕಣ್ಣಿಗೆ ಬಂದದ್ದು ಮಾತ್ರ ಅವರು:
ಏಪ್ರಿಲ್ಲಿನ ಮಧ್ಯಾಹ್ನ, ಕರೆಂಟು ಹೋದ ಕೋಣೆ,
ನಲವತ್ತನೆಯ ಪತ್ರಿಕೆ, ಬೆವರಿಗೆ ಅಂಟಿದ ಹಾಳೆ,
ಎರಡು ಪುಟ ಒಟ್ಟಿಗೆ ತಿರುವಿದ ಹೆಬ್ಬೆರಳು.
ಮಾಸ್ತರರೊಬ್ಬರನ್ನು ಕಟಕಟೆಗೆ ತಂದ ಹಾಗಾಗುತ್ತದೇನೋ
ಎಂದು ಎರಡು ದಿನ ಸುಮ್ಮನಿದ್ದೆ.

ಅಪ್ಪ ಏನೂ ಕೇಳಲಿಲ್ಲ.
ಗೇಜಿನ ಕೋಣೆಗೆ ಕರೆದೊಯ್ದು
ಹುಳ ತಿಂದ ಒಂದು ರಿಜಿಸ್ಟರು ತೆರೆದ.
ಒಂದು ಅಂಕಿಯ ಮೇಲೆ ಅಡ್ಡಗೆರೆ,
ಮೇಲೆ ಸರಿಯಾದ ಅಂಕಿ, ಪಕ್ಕಕ್ಕೆ ಸಹಿ,
ವೇಳೆ: ಆರು ನಲವತ್ತು.
'ಕತ್ತಲದಾಗ ಅರ್ಧ ಅಡಿ ತಪ್ಪಿ ಓದಿದ್ದೆ.
ಅಳಿಸಿದ್ರ ಕಳವು.
ಗೆರಿ ಎಳದ್ರ ಲೆಕ್ಕ.'
ಸಾಹೇಬ್ರು ಬೈದ್ರೇನು?
'ಬೈದ್ರು. ವಾರ ಬೈದ್ರು.'

ಅರ್ಜಿ ನಾಲ್ಕು ಸಲ ಬರೆದೆ.
ಮೊದಲಿನದರಲ್ಲಿ ಅವ್ವನ ಹೊಲಿಗೆ ಮಿಷಿನ್ನು ಇತ್ತು,
ಬಸ್ಸು ತಪ್ಪಿ ನಡೆದ ದಿನಗಳಿದ್ದವು,
'ದಯಮಾಡಿ' ಆರು ಕಡೆ ಇತ್ತು.
ಎಲ್ಲ ಹೊಡೆದು ಹಾಕಿದೆ.
ಕೊನೆಗೆ ಉಳಿದದ್ದು ಮೂರು ಸಾಲು:
ಪುಟ ಹದಿನೇಳು, ಅಂಕ ನಾಲ್ಕು, ಮೊತ್ತದಲ್ಲಿ ಸೇರಿಲ್ಲ.

ಸೇರಿತು.
ನಾನು ಹದಿನೆಂಟನೆಯವಳಾದೆ,
ಇಪ್ಪತ್ತು ಸೀಟೂ ತುಂಬಿದ ಹನ್ನೊಂದನೆಯ ದಿನಕ್ಕೆ.
ವಿಶ್ವವಿದ್ಯಾಲಯಕ್ಕೆ ಎರಡನೆಯ ಮೇಲ್ಮನವಿ,
ಮುನ್ನೂರಾ ಎಪ್ಪತ್ತೊಂದು ಜೆ ಸರ್ಟಿಫಿಕೇಟಿನ ಇನ್ನೊಂದು ಪ್ರತಿ,
ಫೋನಿನಲ್ಲಿ ಹಾಡು, ಕಾಯಿರಿ, ಹಾಡು.
ಉತ್ತರದಲ್ಲಿ ಬಯ್ಗುಳವಿರಲಿಲ್ಲ, ಬಾಗಿಲೂ ಇರಲಿಲ್ಲ:
ಸದ್ಯ ಸಾದಾ ಬಿಎಸ್ಸಿಗೆ ಸೇರಬಹುದು,
ಎರಡು ಸೆಮಿಸ್ಟರಿನ ಬಳಿಕ ತೆರವಾದಲ್ಲಿ
ನಿಯಮಾನುಸಾರ ಪರಿಶೀಲಿಸಲಾಗುವುದು.

ಸೇರುತ್ತೇನೆ. ಸಿಟ್ಟೂ ಇದೆ.
ಎರಡನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡಿದ್ದೇನೆ.

ಹೊಸ ಅಂಕಪಟ್ಟಿ ಬೇಕೆಂದರೆ ಹಳೆಯದನ್ನು ಒಪ್ಪಿಸಬೇಕಂತೆ.
ಕೊಡುವ ಮೊದಲು ಅದರದೊಂದು ಜೆರಾಕ್ಸ್ ಇಟ್ಟುಕೊಂಡು
ಅಂಕಿಯ ಮೇಲೆ ಅಡ್ಡಗೆರೆ ಎಳೆದೆ,
ಮೇಲೆ ಸರಿಯಾದದ್ದು.
ಸಹಿ ಯಾರದು ಹಾಕಬೇಕೋ ತಿಳಿಯಲಿಲ್ಲ.
ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ.

ಎಷ್ಟಾತಪ್ಪಾ, ಎಂದೆ.
'ಇನ್ನಾ ಎರಡಡಿ ಬೇಕು' ಎಂದ,
ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ.