ಒಡಕ ಹಂಚು

ಮೊದಲು ಒಂದೇ ಗೆರೆ ಬಂತು.
ಹಸರ ಗೆರೆ, ನೂಲಿನಷ್ಟು ಸಣ್ಣದು,
ಗೈಬಣ್ಣ ಬಿರಾಜದಾರನ ಬಲಗಣ್ಣಿನ ಮ್ಯಾಲ.
ಪರದಿ ಒರಸಿದೆ. ಅಂಗಿ ತುದಿಲೆ ಮತ್ತೊಮ್ಮೆ ಒರಸಿದೆ.
ಹೋಗಲಿಲ್ಲ, ತನ್ನ ಬಳಗಾ ಕರಕೊಂಡು ಬಂತು.

ಅಕ್ಕಲಕೋಟ ಬಸ್ ಸ್ಟ್ಯಾಂಡಿನ ಹಿಂದ ನನ್ನ ಅಂಗಡಿ.
ಹುಟ್ಟಹಬ್ಬ, ಅಭಿನಂದನ, ಶ್ರದ್ಧಾಂಜಲಿ.
ಮ್ಯಾಲ ಮರಾಠಿ, ಕೆಳಗ ಕನ್ನಡ,
ನಡಬರಕ ಮನಷಾ.
ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ.
ಅದರೊಳಗ ಅರ್ಧಾ ಊರು ನಕ್ಕಾದ,
ಉಳದ ಅರ್ಧಾ ಊರಿಗೆ ನಾನೇ ಹಾರ ಹಾಕೀನಿ.

ಸೋಲಾಪುರದ ನವೀ ಪೇಟಿಯೊಳಗ ಲಾಡ್ಲೇಸಾಬ ನದಾಫ
ಅದರ ಬೆನ್ನ ಬಿಚ್ಚಿ, ಕಣ್ಣಿಗೆ ಭಿಂಗ ಹಚ್ಚಿ ನೋಡಿದ:
"ಗ್ರಾಫಿಕ್ಸ್ ಕಾರ್ಡ್ ಬ್ಯಾರೆ ಇಲ್ರಿ ಇದರಾಗ,
ಚಿಪ್ಪು ಬೋರ್ಡಿಗೇ ಬೆಸದಾರ.
ಬುಡಕ ಸಾಸಿವಿಗಿಂತ ಸಣ್ಣ ಬೆಸಗಿ ಗುಂಡು,
ಕಾದು ಆರಿ, ಕಾದು ಆರಿ, ಬಿರಕ ಬಿಟ್ಟಾವ.
ಹೊಸಾ ಬೋರ್ಡಿಗೆ ಹದಿನಾಕ ಸಾವಿರ.
ಇಲ್ಲಂದ್ರ ಬಿಸಿ ಕೊಡಬೇಕು, ಕೂಡಿದ್ರ ಕೂಡತಾವ.
ಗ್ಯಾರಂಟಿ ಬರದು ಕೊಡೂದಿಲ್ಲ."
ಅವನ ಬಿಸಿಗಾಳಿ ಪಿಸ್ತೂಲೇ ಕೆಟ್ಟಿತ್ತು. ಎಂಟ ದಿನ ಬಿಟ್ಟು ಬಾ ಅಂದ.
ಗೈಬಣ್ಣನ ಮೂರನೇ ದಿನ ನಾಳಿಗಿತ್ತು.

ಬಾಜೂಕಿನ ರೊಟ್ಟಿ ಅಂಗಡಿ ನಿಂಬೆವ್ವ
ಎಲ್ಲಾ ಕೇಳಿ, ಕೈಯಾಗಿನ ಹಿಟ್ಟು ಝಾಡಿಸಿ,
"ಬಿಸಿನೇ ಬೇಕಂದ್ರ ಸೋಲಾಪುರಕ್ಕ ಯಾಕ ಹೋಗಿದ್ದಿ?" ಅಂದಳು.
ರೊಟ್ಟಿ ಹಂಚು ಕೊಡಲಿಲ್ಲ. ಅದು ಅನ್ನದ್ದು.
ಹಿತ್ತಲದಿಂದ ಬೀಡಿನ ಹಂಚು ತಂದಳು,
ನಡಬರಕ ಒಡದದ್ದು, ಜಂಗ ತಿಂದದ್ದು,
ಗುಜರಿಯವನೂ ಒಲ್ಲೆಂದು ಬಿಟ್ಟು ಹೋದದ್ದು.

ಬ್ಯಾಟರಿ ತಗದೆ. ಸ್ಕ್ರೂ ಎಣಿಸಿ ಚಾದ ಬಶಿಯಾಗಿಟ್ಟೆ, ಇಪ್ಪತ್ತಮೂರು.
ಬೋರ್ಡಿಗೆ ಬೆಳ್ಳಿ ಕಾಗದ ಸುತ್ತಿ
ಚಿಪ್ಪಿನ ಜಾಗಾ ಅಷ್ಟೇ ಬಿಟ್ಟೆ.
ಆಕಿ ಹಂಚಿನ ಮ್ಯಾಲ ನೀರು ಚಿಮುಕಿಸಿದಳು.
ಹನಿ ಕೂತ್ರ ಹಸಿ, ಓಡಿದ್ರ ಹದ.
ಓಡಿತು.
"ಇಡು. ನೂರರ ತನಾ ಎಣಿಸು. ಬೊಬ್ಬಿ ಬರೂದಿಲ್ಲೇನು ಇದಕ್ಕ?"
"ಬರಬಾರದವ್ವಾ."
"ಹಂಗಾದ್ರ ಮೂಗಿಲೆ ನೋಡಬೇಕು."
ಮೂಗಿಲೇ ನೋಡಿದಳು.
ಎಂಬತ್ತೇಳಕ್ಕ "ತಗಿ" ಅಂದಳು.
ಆಮ್ಯಾಲ ಎರಡು ತಾಸು ಮುಟ್ಟಗೊಡಲಿಲ್ಲ.
"ಆರಲಿ. ಆರೂದೂ ಅಡಗೀನೇ."

ರಾತ್ರಿ ಹತ್ತಕ್ಕ ಗುಂಡಿ ಒತ್ತಿದೆ.
ಕರೀ ಪರದಿ.
ಕರೀ ಪರದಿ.
ಆಮ್ಯಾಲ ಗೈಬಣ್ಣ, ರುಮಾಲ ಸಮೇತ.
ಒಂದ ಗೆರೆ ಉಳದಿತ್ತು, ಅದೇ ಮೊದಲನೇದು.
ಹಂಗೇ ಅಂಜಕೊಂತ ಛಾಪಾಕ ಕಳಿಸಿದೆ.
ಮುಂಜಾನಿ ಫ್ಲೆಕ್ಸ್ ಬಿಚ್ಚಿ ನೋಡಿದ್ರ ಕಣ್ಣು ಸ್ವಚ್ಛ.
ಗೆರೆ ಅವನ ಮಾರಿ ಮ್ಯಾಲ ಇರಲೇ ಇಲ್ಲ,
ನನಗ ತೋರಸೂದರಾಗ ಇತ್ತು.
ಅವನ ಮಗ ಬಂದು ಬಾಳ ಹೊತ್ತು ನೋಡಿದ.
ರೊಕ್ಕ ಎಣಿಸೂದು ಮರತು ನಿಂತಿದ್ದ,
ನಾ ಕೇಳಲಿಲ್ಲ.

"ಹ್ಯಾಂಗದಾನ ನನ್ನ ಪೇಶಂಟ?"
ನಿಂಬೆವ್ವ ದಿನಾ ಗ್ವಾಡಿ ಆಚಿಂದ ಒದರತಾಳ.
ಆಕಿನೂ ರೊಕ್ಕ ಒಲ್ಲೆಂದಳು. ಒಂದ ಬೋರ್ಡ್ ಮಾಡಿ ಕೊಡು ಅಂದಳು,
ನಿಂಬೆವ್ವನ ಕಡಕ ರೊಟ್ಟಿ, ಎರಡೂ ಭಾಷಾದಾಗ.
ಫೋಟೋ ಮಾತ್ರ ಬ್ಯಾಡಂತ:
"ನೀ ಮಾಡಿದ್ದು ಅಂದ್ರ ಮಂದಿ ಹಾರ ಎಲ್ಲದ ಅಂತ ಹುಡಕತಾರ."

ನಾಳಿ ನಾಳಿ ಅಂತ ಎರಡು ತಿಂಗಳಾತು.
ನಿನ್ನೆ ಕೂತೆ.
"ಕಡಕ" ಅಂತ ಒತ್ತಿದೆ,
ಡದ ಹೊಟ್ಟಿಯೊಳಗ ಹಸರ ನೂಲೊಂದು ನಡಗಲಾಕತ್ತಿತ್ತು.
ಒರಸಲಿಲ್ಲ.
ಬಣ್ಣಾ ಕಣ್ಣಿಲೆ ಬಿಟ್ಟು ಅಂಕಿಲೆ ತುಂಬಿದೆ,
ಕೆಂಪ ಇಷ್ಟು, ಹಳದಿ ಇಷ್ಟು,
ಕತ್ತಲಾಗ ಉಪ್ಪು ಹಾಕಿದಂಗ.
ಗ್ವಾಡಿ ಆ ಕಡಿ ರೊಟ್ಟಿ ಬಡಿಯೂ ಸಪ್ಪಳ,
ಈ ಕಡಿ ಪಂಖಾದ ಗರಗರ.

ಒಡಕ ಹಂಚು ಟೇಬಲ್ ಬುಡಕೇ ಅದ.
ಆಕಿ ವಾಪಸ್ ಕೇಳಿಲ್ಲ.