ಒಂದು ಚದರಡಿ

ಹುಡುಗ ಬಂದದ್ದು ಮಂಗಳವಾರ, ಕರೆಂಟಿರುವ ಹೊತ್ತು ನೋಡಿ.
ಹೆಸರು ನವಾಜ್. ರಾಬರ್ಟ್‌ಸನ್‌ಪೇಟೆಯ ಅಂಗಡಿಯಿಂದ
ಮೆಷೀನನ್ನು ಸ್ಕೂಟರಿನ ಕಾಲ ಸಂದಿಯಲ್ಲಿ
ಮಗುವಿನ ಹಾಗೆ ನಿಲ್ಲಿಸಿಕೊಂಡು ತಂದಿದ್ದ.
"ಕೊಳ್ಳಲೇಬೇಕು ಅಂತಿಲ್ಲ ಆಂಟಿ, ನೋಡಿದ್ರೆ ಸಾಕು."
ನೋಡಿದ್ದೇ ಹೆಚ್ಚಾಯಿತು.

ನಮ್ಮ ಕಾರ್ಪೆಟ್ಟು ನಾವು ಬಯಸಿ ಕೊಂಡದ್ದಲ್ಲ.
ಗಣಿ ಮುಚ್ಚಿದ ಮೇಲೆ ಯಾವುದೋ ಬಂಗಲೆಯ ಸಾಮಾನು
ಹರಾಜಿಗೆ ಬಿದ್ದಾಗ ಮಾವ ಕೂಗಿದ್ದು ಕುರ್ಚಿಗೆ.
ಸಿಕ್ಕಿದ್ದು ಇದು.
ಹನ್ನೆರಡಡಿ ಉದ್ದ. ನಮ್ಮ ಹಾಲು ಹನ್ನೊಂದು.
ಒಂದು ತುದಿ ಇವತ್ತಿಗೂ
ಗೋಡೆ ಹತ್ತಲು ಹೊರಟ ಹಾಗೆ ಮಡಿಸಿಕೊಂಡು ನಿಂತಿದೆ.
ಬಣ್ಣ ಕಂದು. ಹಾಗೇ ಅಂದುಕೊಂಡಿದ್ದೆ
ಮದುವೆಯಾಗಿ ಬಂದ ಹದಿನಾಲ್ಕು ವರ್ಷ ನಾನೂ.

ಆಷಾಢ ಬಂದರೆ ಇಲ್ಲಿ ಗಾಳಿ ಬೀಸುವುದಿಲ್ಲ,
ಸೈನೈಡ್ ದಿಬ್ಬ ಬೀಸುತ್ತದೆ.
ಕಿಟಕಿ ಮುಚ್ಚಿದರೂ, ಬಾಗಿಲ ಕೆಳಗೆ ಗೋಣಿ ತುರುಕಿದರೂ
ತಟ್ಟೆಯ ಮುದ್ದೆ ಮೇಲೆ, ಒಗೆದ ಯೂನಿಫಾರಮ್ಮಿನ ಮೇಲೆ,
ಪಟದೊಳಗಿನ ದೇವರ ರೆಪ್ಪೆಗೂ
ಜರಡಿ ಹಿಡಿದ ಹಿಟ್ಟು.
ನೆಲವಾದರೆ ಗುಡಿಸಿದರೆ ಬಿಟ್ಟುಕೊಡುತ್ತದೆ.
ಕಾರ್ಪೆಟ್ಟು ಬಿಡುವುದಿಲ್ಲ,
ಚೀಟಿ ನಡೆಸುವ ಕೋಕಿಲಮ್ಮನ ನೆನಪಿನ ಹಾಗೆ.
ರಾತ್ರಿ ಎರಡಕ್ಕೆ ಚಿನ್ಮಯಿಯ ಎದೆ ಸೀಟಿ ಊದುತ್ತದೆ.
ಡಾಕ್ಟರು ಕೇಳಿದ್ದು ಒಂದೇ:
"ಮನೇಲಿ ಕಾರ್ಪೆಟ್ಟಿದೆಯಾ?"

ನವಾಜ್ ನಾಲ್ಕು ಲೀಟರ್ ಬಿಸಿನೀರು ಕೇಳಿದ.
ಟ್ಯಾಂಕರ್ ನೀರಪ್ಪಾ ಅಂದೆ. ಕೊಟ್ಟೆ.
ಮೆಷೀನು ಅರಚಿತು,
ಹಲ್ಲಿಲ್ಲದ ಬಾಯಲ್ಲಿ ನೆಲ ಚೀಪಿತು,
ಅದರ ಗಾಜಿನ ಹೊಟ್ಟೆಯಲ್ಲಿ ಏರತೊಡಗಿತು
ಹುರುಳಿ ಕಟ್ಟಿನಷ್ಟು ದಪ್ಪನೆಯ ನೀರು.
ಮಾವ ಪಿಳ್ಳಪ್ಪ, ಮೂವತ್ತೊಂದು ವರ್ಷ ಮಿಲ್ಲಿನಲ್ಲಿ ಕಲ್ಲು ಅರೆಸಿದವರು,
ಬಗ್ಗಿ, ಬೆರಳದ್ದಿ, ಉಜ್ಜಿ ನೋಡಿ
"ನಮ್ದೇ" ಅಂದರು.
"ಚೆಲ್ಲಬೇಡ. ಗುಂಜಿ ಚಿನ್ನ ಇದ್ರೂ ಇರಬಹುದು."
ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಮೆಷೀನು ಎತ್ತಿದ ಮೇಲೆ
ಅಲ್ಲೊಂದು ಚದರಡಿ
ಹಸಿರು.
ಎಳೆ ಅವರೆಕಾಯಿ ಸಿಪ್ಪೆಯ ಒಳಮೈ ಹಸಿರು.
ಅದರಲ್ಲೊಂದು ಹಕ್ಕಿಯ ಬಾಲ.
ಬಾಲ ಮಾತ್ರ. ಉಳಿದದ್ದು ಕಂದಿನೊಳಗೆ.

ಬೆಲೆ ಹನ್ನೊಂದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಬಿಟ್ಟ ಒಂದು ರೂಪಾಯಿಗೆ ಕೈಮುಗಿದು
ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕಕ್ಕೆ ಕೂತೆ:
ವರ್ಷಕ್ಕೆ ಆರು ಸಲ, ಐದು ವರ್ಷ ಬಾಳಿದರೆ
ಒಂದು ತೊಳೆತಕ್ಕೆ ನಾನೂರು. ನೀರು ಬೇರೆ, ಸೋಪು ಬೇರೆ.
ಇಡುವುದೆಲ್ಲಿ? ಮಂಚದ ಕೆಳಗೆ ಆಗಲೇ ಮಲಗಿವೆ
ಎರಡು ರೊಟ್ಟಿ ಸುಟ್ಟು ಸುಸ್ತಾದ ರೊಟ್ಟಿ ಮೆಷೀನು,
ಬೆನ್ನುನೋವಿಗೆಂದು ತಂದ, ತಾನೇ ನಡುಗಿ ನಡುಗಿ ಸತ್ತ ಬೆಲ್ಟು.
ಬಂಗಾರಪೇಟೆಯ ಡ್ಯೂಟಿ ಮುಗಿಸಿ ಬಂದ ನನ್ನವನು
ಶೂ ಬಿಚ್ಚುತ್ತ ಅಂದ: "ಕಾರ್ಪೆಟ್ಟನ್ನೇ ಎಸೆದರೆ? ಖರ್ಚು ಸೊನ್ನೆ."
ಸರಿಯಾದ ಮಾತು.
ಅವನ ಮಾತು ಸರಿಯಿದ್ದಾಗ ನನಗೆ ಬರುವ ಸಿಟ್ಟೇ ಬೇರೆ.
"ಎಸಿ" ಅಂದೆ.
ಮಾವ ಪೇಪರು ಇಳಿಸಲಿಲ್ಲ.
ಯಾರೂ ಏಳಲಿಲ್ಲ.

ಭಾನುವಾರ ನಾನೇ ಕೂತೆ, ತೆಂಗಿನ ನಾರು, ಅಂಟವಾಳದ ನೊರೆ.
ಒಂದೂವರೆ ಗಂಟೆಗೆ ಅಂಗೈಯಗಲ. ಕಂಡದ್ದು
ಹಸಿರಲ್ಲ, ಹಸಿರಿನ ಗಾಳಿಸುದ್ದಿ.
ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋಡಿದೆ:
ಚಿನ್ಮಯಿ ಹೋಂವರ್ಕ್ ಹಿಡಿದು ಅದೇ ಚದರಡಿಯೊಳಗೆ
ಚಕ್ಕಳಮಕ್ಕಳ, ಅಂಚು ದಾಟದಂತೆ ಲಂಗ ಒಟ್ಟುಮಾಡಿಕೊಂಡು,
ಸುತ್ತ ಮೊಸಳೆ ಇರುವ ಹಾಗೆ.
"ಹಕ್ಕಿ ಮುಖ ಯಾವ ಕಡೆಗಮ್ಮಾ?"

ಇವತ್ತು ಫೋನು.
"ಆಂಟಿ, ಏನು ತೀರ್ಮಾನ ಮಾಡಿದ್ರಿ? ಆಫರು ಶನಿವಾರಕ್ಕೆ ಮುಗಿಯುತ್ತೆ."
ಅವತ್ತು ಮಜ್ಜಿಗೆ ಕುಡಿಯುತ್ತ ಅವನೇ ಹೇಳಿದ್ದ:
ಮಾರಿದರೆ ಮುನ್ನೂರು,
ಬರೀ ತೋರಿಸಿ ಬಂದರೂ ಎಂಬತ್ತು.
"ನವಾಜ್," ಅಂದೆ, "ಒಂದು ಸಲಕ್ಕೆ ತಿಳಿಯಲ್ಲಪ್ಪ.
ಇನ್ನೊಮ್ಮೆ ತೋರಿಸು. ನೀರು ಕಾಯಿಸಿಟ್ಟಿರ್ತೀನಿ.
ಈ ಸಲ ಸ್ವಲ್ಪ ಎಡಗಡೆಗೆ."